ಸೇಡಂ–ಚಿಂಚೋಳಿ ಸೀಮೆಯ ಗ್ರಾಮೀಣ ಅರ್ಥವ್ಯವಸ್ಥೆಯಲ್ಲಿ ಕೃಷಿ ಮತ್ತು ಅರಣ್ಯ

ಕಲಬುರಗಿ ಜಿಲ್ಲೆಯ ಪೂರ್ವಭಾಗದಲ್ಲಿ ತೆಲಂಗಾಣದ ಗಡಿಯ ಕಡೆಗಿರುವ ಸೇಡಂ, ಚಿತ್ತಾಪುರ ಮತ್ತು ಚಿಂಚೋಳಿ ತಾಲ್ಲೂಕುಗಳು ಆಡಳಿತದ ದೃಷ್ಟಿಯಿಂದ ಬೇರೆ ಬೇರೆಯಾಗಿದ್ದರೂ ಆರ್ಥಿಕವಾಗಿ ಒಂದೇ ಸೀಮೆಯೆಂದು ಪರಿಗಣಿಸಲು ಅರ್ಹವಾಗಿವೆ. ಕಾಗಿಣಾ ನದಿ ಮತ್ತು ಅದನ್ನು ಸೇರುವ ಮುಲ್ಲಾಮಾರಿ, ಬೆಣ್ಣೆತೊರಾ ಹೊಳೆಗಳು ಈ ಸೀಮೆಯ ನೀರನ್ನೆಲ್ಲ ಒಯ್ದು ಶಹಾಬಾದದ ಆಸುಪಾಸಿನಲ್ಲಿ ಭೀಮೆಗೆ ಕೂಡಿಸುತ್ತವೆ. ಕಾಗಿಣಾ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಸೇಡಂ ತಾಲ್ಲೂಕಿನ ಮುಧೋಳವು ಬಾಗಲಕೋಟೆ ಜಿಲ್ಲೆಯ ಅದೇ ಹೆಸರಿನ ಪಟ್ಟಣದಿಂದ ಭಿನ್ನವಾದುದು. ಕನ್ನಡ, ತೆಲುಗು, ಉರ್ದು ಮತ್ತು ಲಂಬಾಣಿ ಭಾಷೆಗಳು ಒಟ್ಟಿಗೆ ಕೇಳಿಬರುವ ಗಡಿಭಾಗದ ದೊಡ್ಡ ಗ್ರಾಮವಿದು. ಈ ಸೀಮೆಯ ಹೆಸರು ಇಂದು ಹೊರಜಗತ್ತಿಗೆ ಪರಿಚಿತವಾಗಿರುವುದು ಸಿಮೆಂಟು ಮತ್ತು ಹಾಸುಗಲ್ಲುಗಳಿಂದ. ಆದರೆ ಇಲ್ಲಿನ ಬಹುಪಾಲು ಕುಟುಂಬಗಳ ಜೀವನ ನಡೆಯುವುದು ಹೊಲದಿಂದ. ಹೊಲ ಕೈಕೊಟ್ಟ ವರ್ಷ ಅಡವಿಯಿಂದ ಅಥವಾ ವಲಸೆಯಿಂದ. ಕೃಷಿ ಮತ್ತು ಅರಣ್ಯಗಳು ಈ ಸೀಮೆಯ ಅರ್ಥವ್ಯವಸ್ಥೆಯಲ್ಲಿ ವಹಿಸುತ್ತ ಬಂದಿರುವ ಪಾತ್ರವನ್ನು, ಅವೆರಡರ ಪರಸ್ಪರ ಸಂಬಂಧವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಸ್ವರೂಪ

ಈ ಸೀಮೆಯ ಬೇಸಾಯವನ್ನು ಅರಿಯಲು ಅದರ ತಳದ ಕಲ್ಲನ್ನು ಅರಿಯಬೇಕು. ಚಿಂಚೋಳಿಯ ಎತ್ತರದ ಭಾಗದಲ್ಲಿ ದಖ್ಖನ್ನಿನ ಕಪ್ಪು ಶಿಲೆಯ ಮೇಲೆ ಜಂಬಿಟ್ಟಿಗೆಯ ಕೆಂಪು ಹೊದಿಕೆಯಿದೆ. ದಕ್ಷಿಣಕ್ಕೆ ಇಳಿದಂತೆ ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದಗಳಲ್ಲಿ ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಸುಣ್ಣಕಲ್ಲಿನ ಪದರಗಳು ಹರಡಿಕೊಂಡಿವೆ. ಈ ಪದರಗಳ ಮೇಲೆ ಕೆಲವೆಡೆ ಆಳವಾದ, ಕೆಲವೆಡೆ ತೆಳುವಾದ ಎರೆಮಣ್ಣು ಕುಳಿತಿದೆ. ಎರೆಮಣ್ಣು ಮಳೆಯ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಜಂಬಿಟ್ಟಿಗೆಯ ಕೆಮ್ಮಣ್ಣು ಬೇಗ ಬಸಿಯುತ್ತದೆ. ಮೊದಲನೆಯದು ಹೊಲವಾಯಿತು, ಎರಡನೆಯದರ ಬಹುಭಾಗ ಅಡವಿಯಾಗಿ ಉಳಿಯಿತು. ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದಾಗ ಚಿಂಚೋಳಿಯನ್ನು ಬೀದರ ಜಿಲ್ಲೆ ಮತ್ತು ಆಳಂದದೊಂದಿಗೆ ಈಶಾನ್ಯ ಪರಿವರ್ತನ ವಲಯಕ್ಕೂ, ಸೇಡಂ ಮತ್ತು ಚಿತ್ತಾಪುರಗಳನ್ನು ಈಶಾನ್ಯ ಒಣ ವಲಯಕ್ಕೂ ಸೇರಿಸಲಾಯಿತು. ನೆರೆಹೊರೆಯ ತಾಲ್ಲೂಕುಗಳು ಎರಡು ವಲಯಗಳಿಗೆ ಹಂಚಿಹೋದುದರ ಹಿಂದೆ ಮಳೆ ಮತ್ತು ಮಣ್ಣುಗಳ ಈ ವ್ಯತ್ಯಾಸವಿದೆ.

ನೀರಾವರಿಯ ವ್ಯಾಪ್ತಿ ಸೀಮಿತವಾದುದು. ಚಂದ್ರಂಪಳ್ಳಿ ಜಲಾಶಯ, ನಾಗರಾಳದ ಕೆಳದಂಡೆ ಮುಲ್ಲಾಮಾರಿ ಯೋಜನೆ ಮತ್ತು ಹೇರೂರಿನ ಬೆಣ್ಣೆತೊರಾ ಯೋಜನೆಗಳು ಕೆಲವು ಗ್ರಾಮಗಳಿಗೆ ನೀರೊದಗಿಸಿದರೂ ಸೀಮೆಯ ಬಹುಭಾಗ ಇಂದಿಗೂ ಮಳೆಯಾಶ್ರಿತವಾಗಿಯೇ ಉಳಿದಿದೆ.

ಭೂಒಡೆತನದ ಹಿನ್ನೆಲೆ

1948ರ ಸೆಪ್ಟೆಂಬರ್ 17ರವರೆಗೆ ಈ ಪ್ರದೇಶವು ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ಸರ್ಕಾರಿ ಖಾಲ್ಸಾ ಭೂಮಿಯ ಜೊತೆಗೆ ಪಾಯಗಾ ಮತ್ತು ಜಹಗೀರುಗಳ ವಿಸ್ತಾರವೂ ದೊಡ್ಡದಿದ್ದುದರಿಂದ ಉಳುವವನ ಹಕ್ಕು ದುರ್ಬಲವಾಗಿತ್ತು. 1949ರಲ್ಲಿ ಜಹಗೀರು ಪದ್ಧತಿ ರದ್ದಾಯಿತು. 1950ರಲ್ಲಿ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯಿದೆ ಬಂದಿತು. 1956ರ ಏಕೀಕರಣದ ನಂತರ 1961ರ ಭೂಸುಧಾರಣೆ ಕಾಯಿದೆಯೂ 1974ರ ಅದರ ತಿದ್ದುಪಡಿಯೂ ಈ ಸೀಮೆಗೆ ಅನ್ವಯವಾದವು. ಆದರೂ ಬಾಯಿಮಾತಿನ ಲಾವಣಿ ಮತ್ತು ಪಾಲುಗಾರಿಕೆ ನಿಂತಿಲ್ಲ. ಕಾಗದದಲ್ಲಿ ಹೆಸರಿಲ್ಲದ ಲಾವಣಿದಾರನಿಗೆ ಬ್ಯಾಂಕಿನ ಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ ದೊರೆಯುವುದು ಕಷ್ಟ. ನಷ್ಟ ಉಳುವವನಿಗೆ, ಪರಿಹಾರ ಪಹಣಿಯಲ್ಲಿ ಹೆಸರಿದ್ದವನಿಗೆ ಎಂಬ ಸ್ಥಿತಿ ಇದರಿಂದ ಉಂಟಾಗಿದೆ.

ಭೂಒಡೆತನದಷ್ಟೇ ರೈಲುಮಾರ್ಗವೂ ಇಲ್ಲಿನ ಬೇಸಾಯವನ್ನು ಬದಲಿಸಿತು. 1871ರಲ್ಲಿ ಮುಂಬಯಿ–ರಾಯಚೂರು ಮಾರ್ಗ ಶಹಾಬಾದ್ ಮತ್ತು ವಾಡಿಗಳ ಮೂಲಕ ಪೂರ್ಣಗೊಂಡಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಯಿತು. ಮನೆಯ ಹಗೇವಿನಲ್ಲಿ ಸಂಗ್ರಹವಾಗುತ್ತಿದ್ದ ಧಾನ್ಯಕ್ಕೆ ದೂರದ ಪೇಟೆಯ ದಾರಿ ತೆರೆಯಿತು. ಬೆಳೆಯ ಆಯ್ಕೆಯಲ್ಲಿ ಮನೆಯ ಅಗತ್ಯದೊಂದಿಗೆ ಪೇಟೆಯ ಧಾರಣೆಯೂ ಪ್ರವೇಶಿಸಿತು.

ತೊಗರಿಯ ಆಧಿಪತ್ಯ

ಈ ಸೀಮೆಯ ಕೃಷಿಯ ಕೇಂದ್ರಬೆಳೆ ತೊಗರಿ. ಕರ್ನಾಟಕವು ಮಹಾರಾಷ್ಟ್ರದೊಂದಿಗೆ ದೇಶದ ಮುಂಚೂಣಿಯ ತೊಗರಿ ರಾಜ್ಯಗಳಲ್ಲೊಂದಾಗಿದ್ದು, ರಾಜ್ಯದೊಳಗೆ ಕಲಬುರಗಿ ಜಿಲ್ಲೆ ‘ತೊಗರಿಯ ಕಣಜ’ವೆಂದು ಹೆಸರಾಗಿದೆ. ಜೂನ್–ಜುಲೈ ತಿಂಗಳಲ್ಲಿ ಬಿತ್ತಿ ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡುವ ಈ ಬೆಳೆ ಎರಡು ಹಂಗಾಮುಗಳನ್ನು ಒಂದರಲ್ಲೇ ಅಡಕಿಕೊಂಡಿರುತ್ತದೆ. ಆಳಕ್ಕಿಳಿಯುವ ಬೇರಿನ ಬಲದಿಂದ ಮುಂಗಾರು ನಿಂತ ಮೇಲೂ ಎರೆಯ ಒಡಲಿನ ತೇವವನ್ನು ಹೀರಿ ಬದುಕುತ್ತದೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುವುದರಿಂದಲೂ, ಉದುರಿದ ಎಲೆ ಗೊಬ್ಬರವಾಗುವುದರಿಂದಲೂ ನೆಲದ ಸತ್ವ ಹೆಚ್ಚುತ್ತದೆ. ತೊಗರಿಯ ಸಾಲುಗಳ ನಡುವೆ ಹೆಸರು ಅಥವಾ ಉದ್ದು ಹಾಕುವುದು ಇಲ್ಲಿನ ರೂಢಿ. ಹೆಸರು ಎರಡು–ಎರಡೂವರೆ ತಿಂಗಳಲ್ಲಿ ಕೈಗೆ ಬಂದು ನಡುವಿನ ಖರ್ಚಿಗಾಗುತ್ತದೆ. ತೊಗರಿ ವರ್ಷದ ಸಾಲಕ್ಕೂ ಮದುವೆ ಮುಂಜಿಗಳಿಗೂ ಆಗುತ್ತದೆ. ಹಿಂಗಾರಿನಲ್ಲಿ ಜೋಳ, ಕಡಲೆ, ಕುಸುಬೆಗಳು ಬರುತ್ತವೆ.

ತೊಗರಿಯ ಮೌಲ್ಯವನ್ನು ಕಾಳಿನ ತೂಕದಿಂದ ಮಾತ್ರ ಅಳೆಯಲಾಗದು. ಒಣಗಿದ ತೊಗರಿ ಕಟ್ಟಿಗೆ ಒಲೆಗೆ, ಹಿತ್ತಲಿನ ಬೇಲಿಗೆ ಮತ್ತು ಗುಡಿಸಲಿನ ತಡಿಕೆಗೆ ಒದಗುತ್ತದೆ. ಹೊಟ್ಟು ದನಗಳ ಮೇವು. ಬೇಳೆ ಮಾಡುವಾಗ ಒಂದು ಕ್ವಿಂಟಲ್ ತೊಗರಿಯಿಂದ ಸುಮಾರು 70 ಕಿಲೋ ಬೇಳೆ ದೊರೆಯುತ್ತದೆ. ಉಳಿದ ಸಿಪ್ಪೆ, ನುಚ್ಚು, ಚುನ್ನಿಗಳು ಪಶು ಆಹಾರವಾಗುತ್ತವೆ. ಆದರೆ ಬೇಳೆ ಗಿರಣಿಗಳು ಹೆಚ್ಚಾಗಿ ಕಲಬುರಗಿ ನಗರದಲ್ಲಿ ನೆಲೆಗೊಂಡಿರುವುದರಿಂದ ಚುನ್ನಿಯೂ ಬೇಳೆಯ ಲಾಭಾಂಶವೂ ಬೆಳೆದ ಹಳ್ಳಿಗೆ ಮರಳುವುದಿಲ್ಲ. ಮುಧೋಳದ ರೈತ ಅಡತಿಯಲ್ಲಿ ಇಡಿಗಾಳನ್ನು ಮಾರಿ, ಅದೇ ಕಾಳಿನ ಬೇಳೆಯನ್ನು ಕಿರಾಣಿ ಅಂಗಡಿಯಿಂದ ಕೊಂಡು ತರುವುದು ಈ ಅರ್ಥವ್ಯವಸ್ಥೆಯ ಮೂಲಭೂತ ದೌರ್ಬಲ್ಯವನ್ನು ಸೂಚಿಸುತ್ತದೆ.

ರೋಗ, ಕೀಟ ಮತ್ತು ಧಾರಣೆ

ಒಂದೇ ಬೆಳೆಯ ಮೇಲಿನ ಅವಲಂಬನೆಗೆ ತಕ್ಕ ಅಪಾಯಗಳೂ ಇವೆ. ಮೊದಲನೆಯದು ನೆಟೆರೋಗ. ಮಣ್ಣಿನಲ್ಲಿ ಉಳಿಯುವ ಶಿಲೀಂಧ್ರದಿಂದ ಬರುವ ಈ ರೋಗಕ್ಕೆ ತುತ್ತಾದ ಗಿಡ ಹೂಕಾಯಿಯ ಹೊತ್ತಿನಲ್ಲಿ ನಿಂತಲ್ಲೇ ಒಣಗುತ್ತದೆ. ಪಟನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ರೋಗನಿರೋಧಕ ತಳಿಯೊಂದು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾಗಿ ಈ ಭಾಗದಲ್ಲಿ ವ್ಯಾಪಕವಾಗಿ ಹರಡಿತು. ನಂತರ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್–3ಆರ್, ಜಿಆರ್‌ಜಿ–811 ಮೊದಲಾದ ತಳಿಗಳು ಬಂದವು. ಆದರೆ ಒಂದೇ ಹೊಲದಲ್ಲಿ ವರ್ಷವರ್ಷವೂ ತೊಗರಿಯನ್ನೇ ಬಿತ್ತುವ ರೂಢಿ ರೋಗಕ್ಕೆ ಆಸರೆಯಾಯಿತು. 2022ರ ಹಂಗಾಮಿನಲ್ಲಿ ಜಿಲ್ಲೆಯಾದ್ಯಂತ ಬೆಳೆ ನೆಟೆಹೋಗಿ ಸರ್ಕಾರ ಪರಿಹಾರ ಘೋಷಿಸಬೇಕಾಯಿತು.

ಎರಡನೆಯದು ಕಾಯಿಕೊರಕ. 1997–98ರಲ್ಲಿ ಅಕಾಲಿಕ ಮಳೆ ಮತ್ತು ಈ ಹುಳುವಿನ ಬಾಧೆ ಕೂಡಿ ಬೀದರ ಮತ್ತು ಕಲಬುರಗಿ ಜಿಲ್ಲೆಗಳ ತೊಗರಿ ನೆಲಕಚ್ಚಿತು. ಕೀಟನಾಶಕಕ್ಕಾಗಿ ಮಾಡಿದ ಸಾಲ ತೀರಿಸಲಾಗದೆ ರೈತರು ಆತ್ಮಹತ್ಯೆ ಮಾಡಿಕೊಂಡ ವರದಿಗಳು ಈ ಭಾಗದಿಂದ ಬಂದುದು ಆ ಬಳಿಕವೇ. ಸಿಂಪಡಣೆಯ ಖರ್ಚು ಏರಿದಂತೆ ಹುಳು ಔಷಧಕ್ಕೆ ಒಗ್ಗಿಕೊಂಡಿತು. ಇದಕ್ಕೆ ಪರಿಹಾರವೆಂಬಂತೆ ಗಿಡಗಳನ್ನು ಮೆಲ್ಲಗೆ ಅಲುಗಿಸಿ, ಹಾಸಿದ ಹಾಳೆಯ ಮೇಲೆ ಉದುರಿದ ಹುಳುಗಳನ್ನು ಆಯ್ದು ನಾಶಪಡಿಸುವ ವಿಧಾನ ಇದೇ ಜಿಲ್ಲೆಯ ರೈತರಲ್ಲಿ ಬಳಕೆಯಲ್ಲಿದ್ದುದನ್ನು ವಿಜ್ಞಾನಿಗಳು ಗುರುತಿಸಿ ಬೇರೆಡೆಗೂ ಶಿಫಾರಸು ಮಾಡಿದರು. ಹಣ ಬೇಡದ, ಕೈದುಡಿಮೆ ಬೇಡುವ ಈ ಪದ್ಧತಿ ಸಣ್ಣ ಹಿಡುವಳಿಗೆ ಹೊಂದುವಂಥದು.

ಮೂರನೆಯ ಅಪಾಯ ಧಾರಣೆಯ ಏರಿಳಿತ. 2015ರಲ್ಲಿ ಕ್ವಿಂಟಲ್ ತೊಗರಿ 10,000 ರೂಪಾಯಿಗಳನ್ನು ದಾಟಿತ್ತು. ಮರುವರ್ಷ ಬಿತ್ತನೆ ಹೆಚ್ಚಿ, 2016–17ರ ಸುಗ್ಗಿಯಲ್ಲಿ ಬೆಲೆಯು 5,050 ರೂಪಾಯಿಗಳ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. 2025–26ನೆಯ ಸಾಲಿಗೆ ಬೆಂಬಲ ಬೆಲೆ 8,000 ರೂಪಾಯಿ ನಿಗದಿಯಾಗಿದೆ. ಆದರೆ ಖರೀದಿ ಕೇಂದ್ರ ತೆರೆಯುವವರೆಗೆ ಕಾಯುವ ಶಕ್ತಿ ಸಾಲಗಾರ ರೈತನಿಗೆ ಇರುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ಟಾಂಜಾನಿಯಾಗಳಿಂದ ಬರುವ ತೊಗರಿಯನ್ನು 2021ರ ಮೇ ತಿಂಗಳಲ್ಲಿ ಮುಕ್ತ ಆಮದು ಪಟ್ಟಿಗೆ ಸೇರಿಸಿ, ಆ ಅವಧಿಯನ್ನು ಪದೇ ಪದೇ ವಿಸ್ತರಿಸಲಾಯಿತು. ಸೇಡಂ ಪೇಟೆಯ ಧಾರಣೆ ಹೀಗೆ ಸಾಗರದಾಚೆಯ ಸುಗ್ಗಿಗೂ ದೆಹಲಿಯ ಆದೇಶಕ್ಕೂ ಕಟ್ಟುಬಿದ್ದಿದೆ.

ಈ ಸಮಸ್ಯೆಗಳನ್ನು ಎದುರಿಸಲು 2002ರಲ್ಲಿ ಕಲಬುರಗಿಯಲ್ಲಿ ತೊಗರಿ ಮಂಡಳಿ ಸ್ಥಾಪನೆಯಾಯಿತು. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2022ರಲ್ಲಿ ಗಡಿಯಾಚೆಯ ತಾಂಡೂರು ತೊಗರಿಗೂ ಅದೇ ಮಾನ್ಯತೆ ಬಂದಿತು. ರಾಜ್ಯದ ಗಡಿ ಬೇರೆಯಾದರೂ ಸುಣ್ಣಕಲ್ಲಿನ ಮೇಲಿನ ಕಪ್ಪು ನೆಲ ಒಂದೇ ಆಗಿರುವಾಗ, ಒಂದೇ ಬೆಳೆ ಎರಡು ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುತ್ತಿರುವುದು ಗಮನಾರ್ಹ.

ಅಡವಿಯ ಪಾಲು

ಜಿಲ್ಲೆಯ ಒಟ್ಟು ವಿಸ್ತೀರ್ಣದಲ್ಲಿ ಅರಣ್ಯದ ಪ್ರಮಾಣ ಶೇಕಡ 5ಕ್ಕಿಂತ ಕಡಿಮೆ. ಅದರ ಮುಖ್ಯ ಭಾಗ ಚಿಂಚೋಳಿ ತಾಲ್ಲೂಕಿನ ಕೊಂಚಾವರಂ ಸೀಮೆಯಲ್ಲಿದೆ. ಒಣ ಎಲೆಯುದುರುವ ಈ ಕಾಡಿನಲ್ಲಿ ರಕ್ತಚಂದನ ಮತ್ತು ಶ್ರೀಗಂಧದ ಮರಗಳಿವೆ. ತೋಳ, ಕತ್ತೆಕಿರುಬ, ಕೃಷ್ಣಮೃಗ, ಕೊಂಡುಕುರಿಗಳು ವಾಸಿಸುತ್ತವೆ. 2011ರಲ್ಲಿ 134.88 ಚದರ ಕಿಲೋಮೀಟರ್ ಪ್ರದೇಶವನ್ನು ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ದಕ್ಷಿಣ ಭಾರತದಲ್ಲಿ ಒಣಭೂಮಿಯ ಮೊದಲ ವನ್ಯಜೀವಿ ಧಾಮವೆಂಬ ಹೆಗ್ಗಳಿಕೆ ಇದಕ್ಕಿದೆ.

ಇಂತಹ ಕಾಡಿನ ಆರ್ಥಿಕ ಮೌಲ್ಯವನ್ನು ನಾಟಾ ಮಾರಾಟದಿಂದ ಎಣಿಸಿದರೆ ಅದು ಅಲ್ಪವೆಂದೇ ತೋರುತ್ತದೆ. ಆದರೆ ಅದರ ನಿಜವಾದ ಕೊಡುಗೆ ಬೇರೆ ಮೂರು ದಾರಿಗಳಲ್ಲಿದೆ. ಮೊದಲನೆಯದು ನೀರು. ಜಂಬಿಟ್ಟಿಗೆಯ ದಿಬ್ಬ ಮಳೆಯನ್ನು ಒಳಗೆ ಇಂಗಿಸಿಕೊಂಡು ಹಳ್ಳಗಳಿಗೆ ನಿಧಾನವಾಗಿ ಬಿಡುತ್ತದೆ. ಕಾಡಿನ ನಡುವಿನ ಚಂದ್ರಂಪಳ್ಳಿ ಜಲಾಶಯ ತುಂಬುವುದು ಈ ಇಳಿಜಾರಿನ ನೀರಿನಿಂದ. ಎರಡನೆಯದು ಮೇವು ಮತ್ತು ಉರುವಲು. ಹೊಲದಲ್ಲಿ ಜೋಳದ ವಿಸ್ತಾರ ತಗ್ಗಿ ಕಣಕಿಯ ಬಣವೆಗಳು ಕಿರಿದಾದಂತೆ ಅಡವಿ ಮತ್ತು ಗಾಯರಾಣಗಳ ಹುಲ್ಲಿನ ಮೇಲೆ ಒತ್ತಡ ಹೆಚ್ಚಿದೆ. ಬಿತ್ತನೆಯ ನಿರ್ಧಾರವೊಂದು ಕಾಡಿನ ಮೇಲೆ ಪರಿಣಾಮ ಬೀರುವ ಬಗೆಯಿದು. ಮೂರನೆಯದು ಸೀತಾಫಲ, ಹುಣಸೆ, ಮುತ್ತುಗದ ಎಲೆ ಮೊದಲಾದ ಕಿರು ಉತ್ಪನ್ನ. ಹೆಸರು ಮತ್ತು ತೊಗರಿಯ ರಾಶಿಗಳ ನಡುವಿನ ಕೈಬರಿದಾದ ದಿನಗಳಲ್ಲಿ ಸೀತಾಫಲದ ಬುಟ್ಟಿ ಬಡ ಮನೆಗಳಿಗೆ ನಗದು ತರುತ್ತದೆ. ಇದನ್ನು ಆಯ್ದು ಮಾರುವವರು ಬಹುತೇಕ ಹೆಂಗಸರು. ಇದರ ಲೆಕ್ಕ ಮಾರುಕಟ್ಟೆ ಸಮಿತಿಯ ವಹಿಯಲ್ಲಿ ಕಾಣಸಿಗುವುದಿಲ್ಲ.

ಅರಣ್ಯದಂಚಿನ ಲಂಬಾಣಿ ತಾಂಡಾಗಳ ಪ್ರಶ್ನೆ ಇಲ್ಲಿ ಸೂಕ್ಷ್ಮವಾದುದು. ವನ್ಯಜೀವಿ ಧಾಮದ ನಿರ್ಬಂಧಗಳು ದನ ಮೇಯಿಸುವುದಕ್ಕೂ ಕಟ್ಟಿಗೆ ತರುವುದಕ್ಕೂ ಅಡ್ಡಿಯಾದವು. 2006ರ ಅರಣ್ಯ ಹಕ್ಕು ಕಾಯಿದೆಯು ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಂದ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆಯನ್ನು ಕೇಳುತ್ತದೆ. ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯಲ್ಲಿರುವುದರಿಂದ ಈ ಷರತ್ತು ಅವರಿಗೆ ಅನ್ವಯವಾಗುತ್ತದೆ. ನಿಜಾಮರ ಕಾಲದ ದಾಖಲೆ ತಾಂಡಾದ ಮನೆಯಲ್ಲಿ ಸಿಗುವುದು ವಿರಳ. ಸುಗ್ಗಿ ಮುಗಿದ ಮೇಲೆ ಹೈದರಾಬಾದ್, ಪುಣೆ, ಮುಂಬಯಿಗಳ ಕಟ್ಟಡ ಕೆಲಸಕ್ಕೆ ಹೊರಡುವ ಗುಳೆಗೆ ಮಳೆಯ ಕೊರತೆಯಷ್ಟೇ ಈ ಹಕ್ಕಿನ ಕೊರತೆಯೂ ಕಾರಣವಾಗಿದೆ. 2006ರಲ್ಲಿ ಉದ್ಯೋಗ ಖಾತರಿ ಯೋಜನೆಯ ಮೊದಲ ಹಂತಕ್ಕೆ ರಾಜ್ಯದಿಂದ ಆಯ್ದ ಜಿಲ್ಲೆಗಳಲ್ಲಿ ಇದೂ ಒಂದಾಗಿತ್ತೆಂಬುದು ಸಮಸ್ಯೆಯ ಆಳವನ್ನು ತಿಳಿಸುತ್ತದೆ.

ಕಲ್ಲಿನ ಎದುರು ಹೊಲ

ಶಹಾಬಾದದ ಹಾಸುಗಲ್ಲು ಬಹುಕಾಲದಿಂದ ದೇಶದ ಅಂಗಳಗಳಿಗೆ ಹೋಗಿದೆ. ಅಲ್ಲಿ 20ನೆಯ ಶತಮಾನದ ಮೊದಲರ್ಧದಲ್ಲೇ ಸಿಮೆಂಟ್ ಕಾರ್ಖಾನೆ ಬಂದಿತು. 1968ರಲ್ಲಿ ವಾಡಿಯಲ್ಲೂ, 1980ರ ದಶಕದಲ್ಲಿ ಮಳಖೇಡ ಮತ್ತು ಸೇಡಂಗಳಲ್ಲೂ ಕಾರ್ಖಾನೆಗಳು ಸ್ಥಾಪನೆಯಾದವು. ಆ ನಂತರ ಇನ್ನೂ ಕೆಲವು ಸೇರಿದವು. ಇವುಗಳಿಂದ ರೈಲು, ರಸ್ತೆ, ರಾಜಧನ, ಒಂದಷ್ಟು ಕಾಯಂ ನೌಕರಿ ದೊರೆತುದು ನಿಜ. ಆದರೆ ಸುಣ್ಣಕಲ್ಲು ಇರುವುದು ತೊಗರಿ ಬೆಳೆಯುವ ಮಣ್ಣಿನ ಕೆಳಗೆ. ಒಂದನ್ನು ತೆಗೆಯಲು ಇನ್ನೊಂದನ್ನು ಬಿಡಲೇಬೇಕು. ಹೊಲ ಮಾರಿದ ಹಣ ಒಂದು ತಲೆಮಾರಿಗೆ ಬರುತ್ತದೆ. ಹೊಲ ನೀಡುತ್ತಿದ್ದ ಕಾಳು, ಕಟ್ಟಿಗೆ, ಹೊಟ್ಟು, ಕೂಲಿಕಾರರ ಉದ್ಯೋಗ ಶಾಶ್ವತವಾಗಿ ನಿಲ್ಲುತ್ತದೆ. ಭೂಮಿ ಇಲ್ಲದ ಕೂಲಿಗೆ ಆ ಮಾರಾಟದ ಹಣದಲ್ಲಿಯೂ ಪಾಲಿಲ್ಲ.

ಕಾರ್ಖಾನೆಗಳ ಹೊಗೆಗೊಳವೆಗಳು ಏರಿದ ಮೇಲೂ ಸೀಮೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯೇ ಸಾಕ್ಷಿ. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿದ್ದು, ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ಸಂವಿಧಾನದ 371(ಜೆ) ವಿಧಿಗೆ 2012ರಲ್ಲಿ ಸಂಸತ್ತಿನ ಒಪ್ಪಿಗೆ ದೊರೆಯಲು ಇಂತಹ ಅಸಮತೋಲನವೇ ಹಿನ್ನೆಲೆಯಾಯಿತು.

ಸಮಾರೋಪ

ಮೇಲಿನ ವಿವೇಚನೆಯಿಂದ ತಿಳಿಯುವುದೇನೆಂದರೆ, ಈ ಸೀಮೆಯಲ್ಲಿ ಕೃಷಿ ಮತ್ತು ಅರಣ್ಯಗಳು ಪ್ರತ್ಯೇಕ ವಲಯಗಳಲ್ಲ. ಅಡವಿಯ ನೀರು ಹೊಲಕ್ಕೆ, ಹೊಲದ ಮೇವು ಅಡವಿಯ ರಕ್ಷಣೆಗೆ ಒದಗುತ್ತವೆ. ತೊಗರಿಯ ಏಕಾಧಿಪತ್ಯ ಈ ಕೊಂಡಿಯನ್ನು ಒಂದು ಕಡೆಯಿಂದ ಸಡಿಲಿಸಿದರೆ, ಗಣಿಗಾರಿಕೆ ಇನ್ನೊಂದು ಕಡೆಯಿಂದ ಸಡಿಲಿಸಿದೆ. ಆದಕಾರಣ ತೊಗರಿಯೊಂದಿಗೆ ಜೋಳ, ಕಡಲೆ, ಕುಸುಬೆಗಳ ಸರದಿಯನ್ನು ಉಳಿಸುವುದು, ಬೇಳೆ ಮಾಡುವ ಸಣ್ಣ ಯಂತ್ರಗಳನ್ನು ಹೋಬಳಿ ಮಟ್ಟಕ್ಕೆ ತಂದು ಚುನ್ನಿ ಮತ್ತು ಲಾಭಾಂಶ ಊರಲ್ಲೇ ಉಳಿಯುವಂತೆ ಮಾಡುವುದು, ಲಾವಣಿದಾರನನ್ನು ದಾಖಲೆಗೆ ತರುವುದು, ತಾಂಡಾಗಳ ಹಕ್ಕನ್ನು ಇತ್ಯರ್ಥಪಡಿಸುವುದು ಮತ್ತು ಕಲ್ಲು ತೆಗೆದ ಹೊಂಡಗಳನ್ನು ಮತ್ತೆ ಬಳಕೆಯ ನೆಲವಾಗಿ ಇಲ್ಲವೆ ಜಲಮೂಲವಾಗಿ ಮಾರ್ಪಡಿಸುವುದು ಒಂದೇ ಯೋಜನೆಯ ಅಂಗಗಳಾಗಬೇಕು. ಸುಣ್ಣಕಲ್ಲು ಒಮ್ಮೆ ತೆಗೆದರೆ ಮುಗಿಯುವ ಸಂಪತ್ತು. ಎರೆಹೊಲ ಮತ್ತು ಒಣಕಾಡುಗಳು ಕಾಪಾಡಿಕೊಂಡರೆ ಪ್ರತಿವರ್ಷವೂ ಫಲ ಕೊಡುವಂಥವು. ಈ ಸೀಮೆಯ ಮುಂದಿನ ತಲೆಮಾರು ಊರಿನಲ್ಲಿಯೇ ಬದುಕುವುದೋ ಗುಳೆ ಹೋಗುವುದೋ ಎಂಬುದನ್ನು ನಿರ್ಧರಿಸುವಲ್ಲಿ ಈ ವ್ಯತ್ಯಾಸಕ್ಕೆ ಸಲ್ಲುವ ಮನ್ನಣೆಯ ಪಾತ್ರ ದೊಡ್ಡದು.