ಮನೆ ದಾರಿಯ ಜಲ್ಲಿ ಮಳೆಗಾಲ ದಾಟಬೇಕೆ?

ಮಲೆನಾಡಿನ ಒಂಟಿ ಮನೆಗಳಲ್ಲಿ ಟಾರು ರಸ್ತೆಯಿಂದ ಅಂಗಳದವರೆಗಿನ ದಾರಿ ಬಹುಮಟ್ಟಿಗೆ ಮನೆಯವರದೇ ಹೊಣೆ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಆ ದಾರಿಗೆ ಒಂದೆರಡು ಟಿಪ್ಪರ್ ಜಲ್ಲಿ ಬಂದು ಬೀಳುತ್ತದೆ. ಬೇಸಿಗೆ ಪೂರ್ತಿ ಪಿಕಪ್ಪು, ಟ್ರ್ಯಾಕ್ಟರ್ ಸಲೀಸಾಗಿ ಓಡಾಡುತ್ತವೆ. ಆರಿದ್ರಾ ಮಳೆ ಹಿಡಿಯಿತೆಂದರೆ ಮತ್ತೆ ಅದೇ ಕೊರಕಲು, ಅದೇ ಗುಂಡಿ. ಹಾಕಿದ ಜಲ್ಲಿ ಕೆಳಗಿನ ಗದ್ದೆಯಲ್ಲೋ ತೋಟದ ಬಸಿಗಾಲುವೆಯಲ್ಲೋ ಸಿಗುತ್ತದೆ. ಮುಂದಿನ ವರ್ಷ ಮತ್ತೆರಡು ಲೋಡು. ಬೆವರು ಸುರಿಸಿ ಗಳಿಸಿದ ದುಡ್ಡು ಹೀಗೆ ಕೊಚ್ಚಿಹೋಗುವುದಕ್ಕೆ ಜಲ್ಲಿ ಕಡಿಮೆಯಾದದ್ದು ಕಾರಣವಾಗಿರುವುದು ಅಪರೂಪ. ನಾವು ನಂಬಿಕೊಂಡು ಬಂದಿರುವ ಕೆಲವು ಮಾತುಗಳೇ ಕಾರಣ. ಅವನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಭಾರದ ಗಾಡಿ ಓಡಾಡಿ ದಾರಿ ಹಾಳಾಗುತ್ತದೆ.

ಸತ್ಯ: ಗಾಡಿಯ ಭಾರವನ್ನು ಕೊನೆಗೆ ಹೊರುವುದು ಜಲ್ಲಿಯ ಅಡಿಯಲ್ಲಿರುವ ಮಣ್ಣು. ಆ ಮಣ್ಣು ಒಣಗಿದ್ದರೆ ತುಂಬಿದ ಲಾರಿಯನ್ನೂ ತಾಳುತ್ತದೆ, ನೆನೆದರೆ ಬೈಕಿನ ಚಕ್ರಕ್ಕೂ ಬಾಗುತ್ತದೆ. ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಂ 1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಭಾಗದ ರಸ್ತೆಗಳ ಹೊಣೆ ಹೊತ್ತಾಗ ಹಿಡಿದ ಸೂತ್ರವೂ ಇದೇ: ಅಡಿಮಣ್ಣನ್ನು ಒಣಗಿಟ್ಟುಕೊಂಡರೆ ಬುಡಕ್ಕೆ ದೊಡ್ಡ ಬಂಡೆಗಳೂ ಬೇಕಿಲ್ಲ, ಸುಮಾರು 170 ಗ್ರಾಂ ಮೀರದ ಒಡೆದ ಕಲ್ಲುಗಳೇ ಸಾಕು. ನಮ್ಮ ಗುತ್ತಿಗೆದಾರರ ಬಾಯಲ್ಲಿ ಇಂದಿಗೂ ಓಡಾಡುವ ‘ಡಬ್ಲ್ಯುಬಿಎಂ’ (ವಾಟರ್ ಬೌಂಡ್ ಮೆಕಾಡಂ) ಎಂಬುದರ ಕೊನೆಯ ಅಕ್ಷರ ಅವನ ಹೆಸರೇ.

ನೀರಿನ ಲೆಕ್ಕ ಹಾಕಿ ನೋಡಿ. 3 ಮೀಟರ್ ಅಗಲ, 100 ಮೀಟರ್ ಉದ್ದದ ದಾರಿಯ ಮೇಲೆ ದಿನಕ್ಕೆ 100 ಮಿ.ಮೀ. ಮಳೆ ಬಿದ್ದರೆ 30,000 ಲೀಟರ್ ನೀರಾಯಿತು, ಅಂದರೆ 5,000 ಲೀಟರಿನ ಆರು ಟ್ಯಾಂಕರ್. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಕಾಣುವ ಆಗುಂಬೆಯಂಥ ಕಡೆ ಇದು ದೊಡ್ಡ ಮಳೆಯೇನೂ ಅಲ್ಲ. ಇದಕ್ಕೆ ಪಕ್ಕದ ದರೆಯಿಂದ ಇಳಿಯುವ ನೀರು ಸೇರಿಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ನೀರು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟಾಗುತ್ತದೆ ಎಂಬುದು ಹಳೆಯ ಲೆಕ್ಕಾಚಾರ. ಇಳಿಜಾರಿನಲ್ಲಿ ಮೇಲ್ಗಡೆ ಬರೀ ಪುಡಿ ಹೋಗಿದ್ದರೆ ಕೆಳಗಡೆ ಜಲ್ಲಿಯೇ ಎದ್ದುಹೋಗುವುದು ಇದಕ್ಕೇ.

ತಪ್ಪು ಕಲ್ಪನೆ 2: ಜೆಸಿಬಿಯಲ್ಲಿ ಕೆರೆದು ಸಪಾಟು ಮಾಡಿದರೆ ದಾರಿ ಸರಿಹೋಗುತ್ತದೆ.

ಸತ್ಯ: ವರ್ಷ ವರ್ಷ ಕೆರೆದಷ್ಟೂ ದಾರಿ ಅಕ್ಕಪಕ್ಕದ ನೆಲಕ್ಕಿಂತ ತಗ್ಗಾಗುತ್ತದೆ. ಆಮೇಲೆ ಸುತ್ತಲಿನ ನೀರಿಗೆಲ್ಲ ಅದೇ ಕಾಲುವೆ. ಸಪಾಟಾದ ದಾರಿಯಲ್ಲಿ ನೀರು ನಿಲ್ಲುತ್ತದೆ, ಇಲ್ಲವೇ ಗಾಲಿ ಜಾಡು ಹಿಡಿದು ಉದ್ದಕ್ಕೂ ಹರಿಯುತ್ತದೆ. ಜಲ್ಲಿ ದಾರಿ ಆಮೆಯ ಬೆನ್ನಿನಂತಿರಬೇಕು. 10 ಅಡಿ ಅಗಲದ ದಾರಿಗೆ ನಡುಭಾಗ ಅಂಚಿಗಿಂತ ಸುಮಾರು ಎರಡೂವರೆ ಇಂಚು ಎತ್ತರವಿದ್ದರೆ ಬಿದ್ದ ನೀರು ಜೋರು ಹಿಡಿಯುವ ಮೊದಲೇ ಬದಿಗೆ ಇಳಿದುಹೋಗುತ್ತದೆ. ಎರಡೂ ಅಂಚಿಗೆ ಗೂಟ ನೆಟ್ಟು, ನಡುವಿನ ಎತ್ತರಕ್ಕೆ ಮಟ್ಟವಾಗಿ ದಾರ ಕಟ್ಟಿ ಅಳೆದರೆ ಸಾಕು, ಇದಕ್ಕೆ ಎಂಜಿನಿಯರ್ ಬೇಕಿಲ್ಲ.

ದರೆಯ ಬದಿಗೆ ಚರಂಡಿ ಕಡ್ಡಾಯ, ಅದರ ತಳ ದಾರಿಯ ಜಲ್ಲಿ ಪದರಕ್ಕಿಂತ ಕೆಳಗಿರಬೇಕು. ನೀರು ದಾರಿ ದಾಟುವಲ್ಲಿ ಸಿಮೆಂಟ್ ಪೈಪಿನ ಮೋರಿ ಹಾಕಿ. ಕಡಿದಾದ ಏರಿನಲ್ಲಿ ಅಲ್ಲಲ್ಲಿ ಓರೆಯಾಗಿ ಅಡ್ಡ ಉಬ್ಬು ಕೊಟ್ಟು ನೀರನ್ನು ಹೊರಗೆ ತಿರುಗಿಸಿ. ಏರು ಹೆಚ್ಚಾದಷ್ಟೂ ಈ ಉಬ್ಬುಗಳು ಹತ್ತಿರ ಹತ್ತಿರ ಇರಬೇಕು. ನೀರು ಬೀಳುವ ಜಾಗಕ್ಕೆ ಕಲ್ಲು ಜೋಡಿಸಿ, ಅಂಚಿಗೆ ಲಾವಂಚ ನೆಡಿ. ಅದರ ಬೇರು ನೇರ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಆ ನೀರು ನೆರೆಯವರ ಗದ್ದೆಗೆ ನುಗ್ಗದಂತೆ ನೋಡಿಕೊಳ್ಳುವುದೂ ನಮ್ಮದೇ ಕೆಲಸ.

ತಪ್ಪು ಕಲ್ಪನೆ 3: ಗುಂಡಿಗೆ ನಾಲ್ಕು ಬುಟ್ಟಿ ಜಲ್ಲಿ ಸುರಿದರೆ ಮುಗಿಯಿತು.

ಸತ್ಯ: ಗುಂಡಿ ಬಟ್ಟಲಿನಂತಿರುತ್ತದೆ. ಮೇಲೆ ಸುರಿದ ಜಲ್ಲಿಗೆ ಹಿಡಿತವೇ ಇಲ್ಲ, ಚಕ್ರ ತಗುಲಿದಾಗಲೆಲ್ಲ ಒಂದಿಷ್ಟು ಹೊರಕ್ಕೆ ಚಿಮ್ಮುತ್ತದೆ. ಮೊದಲು ನಿಂತ ನೀರು, ಕೆಸರು ತೆಗೆಯಿರಿ. ಗಟ್ಟಿ ತಳ ಸಿಗುವವರೆಗೆ ಹಾರೆಯಿಂದ ಅಗೆದು ಬದಿಗಳನ್ನು ಗೋಡೆಯಂತೆ ನೇರ ಕಡಿಯಿರಿ. ದಾರಿಗೆ ಹಾಕಿದ ಮಿಶ್ರಣವನ್ನೇ ಹಸಿ ಮಾಡಿ, 4 ಇಂಚಿಗೊಂದು ಪದರದಂತೆ ತುಂಬಿ, ಪ್ರತಿ ಪದರಕ್ಕೂ ದಿಮ್ಮಸು ಹಾಕಿ. ಮೇಲ್ಮಟ್ಟ ಸುತ್ತಲಿಗಿಂತ ಕೊಂಚ ಎತ್ತರವಿರಲಿ. ಗುಂಡಿಗಳು ಸಾಲುಗಟ್ಟಿದ್ದರೆ ಒಂದೊಂದನ್ನೇ ಮುಚ್ಚುತ್ತ ಕೂರಬೇಡಿ. ಅಷ್ಟು ಉದ್ದವನ್ನೂ ಗುಂಡಿಯ ತಳದ ಆಳಕ್ಕೆ ಸಡಿಲಿಸಿ, ಹೊಸದಾಗಿ ಆಮೆ ಬೆನ್ನಿನ ಉಬ್ಬು ಕೊಟ್ಟು ಅದುಮಿಸಿ.

ತಪ್ಪು ಕಲ್ಪನೆ 4: ಮಣ್ಣು, ಪುಡಿ ಇಲ್ಲದ ಶುದ್ಧ ಜಲ್ಲಿಯೇ ಗಟ್ಟಿ.

ಸತ್ಯ: ಒಂದೇ ಗಾತ್ರದ ಜಲ್ಲಿ ಕಾಂಕ್ರೀಟಿಗೆ ಬರುವ ಹಾಗೇ ಶುದ್ಧವಾಗಿ ದಾರಿಗೆ ಬಿದ್ದರೆ ಕಡಲೆ ಕಾಳಿನ ರಾಶಿಯಂತೆ ಉರುಳಾಡುತ್ತದೆ. ದೊಡ್ಡ ಕಲ್ಲಿನ ಸಂದಿಗೆ ಸಣ್ಣ ಕಲ್ಲು, ಅದರ ಸಂದಿಗೆ ಪುಡಿ, ಎಲ್ಲವನ್ನೂ ಕಚ್ಚಿಹಿಡಿಯಲು ಸ್ವಲ್ಪ ಅಂಟು ಮಣ್ಣು ಬೇಕು. 40 ಎಂ.ಎಂ. ಜಲ್ಲಿ ಕೆಳಗೆ, ಮೇಲೆ 20 ಎಂ.ಎಂ. ಜಲ್ಲಿ, ಬೇಬಿ ಜಲ್ಲಿ ಮತ್ತು ಕ್ರಷರ್ ಪುಡಿಯ ಜೊತೆಗೆ ಒಳ್ಳೆಯ ಗರಸು ಮಣ್ಣು ಬೆರೆಸಿದ ಮಿಶ್ರಣ ಚೆನ್ನಾಗಿ ಕೂರುತ್ತದೆ. ಮೇಲ್ಪದರದಲ್ಲಿ ನುಣುಪಾದ ಮಣ್ಣಿನ ಪಾಲು ಹತ್ತರಲ್ಲಿ ಒಂದರ ಆಸುಪಾಸಿನಲ್ಲಿರಲಿ. ಅದು ಮಿತಿಮೀರಿದರೆ ಮಳೆಗೆ ಜಾರುತ್ತದೆ. ಹೊಳೆಯ ಉರುಟುಗಲ್ಲು ನೋಡಲು ಚೆಂದ, ಆದರೆ ಮೂಲೆಗಳಿಲ್ಲದ ಕಲ್ಲು ಒಂದನ್ನೊಂದು ಹಿಡಿಯುವುದಿಲ್ಲ.

ತಪ್ಪು ಕಲ್ಪನೆ 5: ಸುರಿದು ಹರಡಿದರೆ ಸಾಕು, ಗಾಡಿ ಓಡಾಡಿ ತಾನೇ ಕೂರುತ್ತದೆ.

ಸತ್ಯ: ಗಾಡಿ ಓಡಾಡುವುದು ಎರಡೇ ಗೆರೆಯಲ್ಲಿ. ಅಲ್ಲಿ ಮಾತ್ರ ಕೂತು, ಉಳಿದದ್ದು ಸಡಿಲವಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಆ ಗೆರೆಗಳೇ ಎರಡು ಕಾಲುವೆಗಳಾಗುತ್ತವೆ. ರೋಲರ್ ಓಡಿಸಲೇಬೇಕು, ಅದೂ ಹದವಾದ ತೇವದಲ್ಲಿ. ಯಾವುದೇ ಮಣ್ಣು ಅತಿ ಗಟ್ಟಿಯಾಗಿ ಅದುಮಿಕೊಳ್ಳುವುದು ಒಂದು ನಿರ್ದಿಷ್ಟ ತೇವದಲ್ಲಿ ಎಂಬುದನ್ನು ಅಮೆರಿಕದ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ 1933ರಲ್ಲಿ ತೋರಿಸಿಕೊಟ್ಟರು. ಮನೆಮಟ್ಟದ ಪರೀಕ್ಷೆ ಸುಲಭ: ಮಿಶ್ರಣದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಇಳಿಯಬಾರದು. ಸ್ವಾತಿ ಮಳೆ ಮುಗಿದ ನವೆಂಬರಿನಲ್ಲಿ ನೆಲದ ತೇವ ಬಹುಪಾಲು ಈ ಹದಕ್ಕೆ ಹತ್ತಿರವಿರುತ್ತದೆ. ಮಾರ್ಚಿನವರೆಗೆ ಕಾದರೆ ಟ್ಯಾಂಕರಿನಲ್ಲಿ ನೀರು ತರಿಸಬೇಕಾದೀತು.

ತಪ್ಪು ಕಲ್ಪನೆ 6: ಚಕ್ರ ಹೂತುಹೋಗುವ ಜಾಗಕ್ಕೆ ಜಲ್ಲಿ ಹಾಕುತ್ತ ಹೋದರೆ ಒಂದು ದಿನ ಗಟ್ಟಿಯಾಗುತ್ತದೆ.

ಸತ್ಯ: ಕೆಳಗೆ ಜೇಡಿ ನೆನೆದಿದ್ದರೆ ಕಲ್ಲು ಕೆಳಗಿಳಿಯುತ್ತದೆ, ಕೆಸರು ಮೇಲೇರುತ್ತದೆ. ಎಷ್ಟು ಲೋಡು ಹಾಕಿದರೂ ನೆಲ ನುಂಗುತ್ತದೆ. ಮೊದಲು ಆ ಜಾಗದ ಒರತೆಗೆ ಹೊರದಾರಿ ಮಾಡಿ. ಮೆತ್ತನೆ ಮಣ್ಣು ತೆಗೆದು, ಜಿಯೋಟೆಕ್ಸ್‌ಟೈಲ್ ಹಾಸಿ, ಅದರ ಮೇಲೆ ಜಲ್ಲಿ ಹಾಕಿ. ಈ ಬಟ್ಟೆ ನೀರನ್ನು ಬಿಟ್ಟು, ಮಣ್ಣು ಕಲ್ಲು ಬೆರೆಯದಂತೆ ತಡೆಯುತ್ತದೆ.

ತಪ್ಪು ಕಲ್ಪನೆ 7: ಇಷ್ಟೆಲ್ಲ ಯಾಕೆ, ಕಾಂಕ್ರೀಟ್ ಹಾಕಿಬಿಟ್ಟರಾಯಿತು.

ಸತ್ಯ: ಚರಂಡಿಯಿಲ್ಲದ ಕಡೆ ನೀರು ಕಾಂಕ್ರೀಟಿನ ಅಂಚಿನಡಿಗೆ ನುಗ್ಗಿ ಮಣ್ಣು ತೊಳೆಯುತ್ತದೆ. ಅಡಿ ಟೊಳ್ಳಾದ ಮೇಲೆ ಚಪ್ಪಡಿ ಬಿರಿಯುತ್ತದೆ. ತೀರಾ ಕಡಿದಾದ ಏರಿಗೆ ಗಾಲಿ ಓಡುವಷ್ಟು ಅಗಲದ ಎರಡು ಕಾಂಕ್ರೀಟ್ ಪಟ್ಟಿ ಒಳ್ಳೆಯ ಉಪಾಯವೇ, ಆದರೆ ನೀರಿನ ವ್ಯವಸ್ಥೆ ಅಲ್ಲಿಯೂ ಮೊದಲು.

ಮುಂದಿನ ಲೋಡಿಗೆ ಫೋನ್ ಮಾಡುವ ಮುನ್ನ ಒಂದು ಕೆಲಸ ಮಾಡಿ. ಜೋರು ಮಳೆ ಹೊಯ್ಯುವಾಗ ಕೊಡೆ ಹಿಡಿದು, ಗುದ್ದಲಿ ಹೆಗಲಿಗೇರಿಸಿ ದಾರಿಯುದ್ದಕ್ಕೂ ನಡೆಯಿರಿ. ನೀರು ಎಲ್ಲಿಂದ ದಾರಿಗೆ ಸೇರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಟ ಹಿಡಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ. ಚರಂಡಿಗೆ ತುಂಬಿದ ದರಗು ಅಲ್ಲೇ ಎಳೆದುಹಾಕಿ. ಆ ಗುರುತುಗಳಲ್ಲಿ ಮೊದಲು ಚರಂಡಿ, ಮೋರಿ, ಉಬ್ಬು ಆಗಲಿ, ಜಲ್ಲಿ ಆಮೇಲೆ ಬರಲಿ.