ಗಲ್ಲೆ ಒಂದೇ, ತೆರಿಗೆ ಲೆಕ್ಕ ಎರಡು

‘ಮನಿ ಒಂದೇ, ಗಲ್ಲೆ ಒಂದೇ. ಮತ್ತ ಗಂಡ ಹೆಂಡತಿಗೆ ಬ್ಯಾರೆ ಬ್ಯಾರೆ ರಿಟರ್ನ್ ಯಾಕ್ರಿ?’ ಜುಲೈ ತಿಂಗಳು ಬಂತೆಂದರೆ ಘಾಟಬೋರಾಳದ ಅಂಗಡಿ ಕಟ್ಟೆಯಿಂದ ಹುಮನಾಬಾದಿನ ಬಸ್ಸಿನವರೆಗೆ ಈ ಮಾತು ಇದ್ದದ್ದೇ.

ಉತ್ತರ ಚುಟುಕು. ನಮ್ಮ ದೇಶದಲ್ಲಿ ದಂಪತಿಗಳು ಕೂಡಿ ಒಂದೇ ರಿಟರ್ನ್ ತುಂಬುವ ಪದ್ಧತಿಯೇ ಇಲ್ಲ. ಅಮೆರಿಕದಲ್ಲಿದೆ. ಇಲ್ಲಿಯೂ ಬರಲಿ ಎಂದು ಲೆಕ್ಕ ಪರಿಶೋಧಕರ ಸಂಸ್ಥೆ 2025ರ ಬಜೆಟ್ಟಿಗೆ ಮುನ್ನ ಸಲಹೆ ಕೊಟ್ಟಿತ್ತು. ಆ ಬಜೆಟ್ಟಿನಲ್ಲಿ ಬರಲಿಲ್ಲ.

ಬಂದರೆ ಲಾಭವೇ? ಗಂಡನಿಗೆ ಕಿರಾಣಿಯಿಂದ ವರ್ಷಕ್ಕೆ 8 ಲಕ್ಷ, ಹೆಂಡತಿಗೆ ಹೊಲಿಗೆ ಅಂಗಡಿಯಿಂದ 5 ಲಕ್ಷ ಉಳಿಯುತ್ತದೆ ಎನ್ನಿ. (ಹೊಲದ ತೊಗರಿ ಲೆಕ್ಕ ಇಲ್ಲಿ ಬೇಡ ಬಿಡಿ.) 2025ರ ಏಪ್ರಿಲ್‌ನಿಂದ ಹೊಸ ಪದ್ಧತಿಯಲ್ಲಿ ಇಂಥ ವರಮಾನ 12 ಲಕ್ಷದ ತನಕ ಇದ್ದರೆ ತೆರಿಗೆ ಬೀಳುವುದಿಲ್ಲ. ಬೇರೆ ಬೇರೆ ತುಂಬಿದರೆ ಇಬ್ಬರಿಗೂ ಸೊನ್ನೆ. ಅದೇ 13 ಲಕ್ಷ ಒಬ್ಬರ ತಲೆಯ ಮೇಲೆ ಬಿದ್ದರೆ ಸೆಸ್ಸು ಸೇರಿ 78 ಸಾವಿರ! ಮಿತಿ ಹೆಚ್ಚಿಸಿ ಕೊಟ್ಟರೆ, ಒಬ್ಬರೇ ದುಡಿಯುವ ಮನೆಗೆ ಕೂಡು ಲೆಕ್ಕ ಅನುಕೂಲವಾದೀತು.

ಹಾಗಂತ ಗಂಡನ ವರಮಾನದಲ್ಲಿ ಅರ್ಧ ಹೆಂಡತಿಯ ಹೆಸರಿಗೆ ಬರೆದು ಪಾರಾಗಲು ಬರುವುದಿಲ್ಲ. ಯಜಮಾನರು ತಮ್ಮ ದುಡ್ಡನ್ನು ಆಕೆಯ ಹೆಸರಲ್ಲಿ ಡಿಪಾಜಿಟ್ ಇಟ್ಟರೆ ಬಡ್ಡಿ ಯಜಮಾನರ ಲೆಕ್ಕಕ್ಕೇ. ಸೊಸೆಯ ಹೆಸರಲ್ಲಿಟ್ಟರೂ ಅಷ್ಟೇ. ತವರಿನವರು ಕೊಟ್ಟದ್ದರ ಬಡ್ಡಿ ಆಕೆಯದೇ.

ಚುಚ್ಚುವ ಮಾತು ಬೇರೆಯೇ ಇದೆ. ಬೆಳಿಗ್ಗೆ ಶೆಟರ್ ಎತ್ತುವುದರಿಂದ ರಾತ್ರಿ ಉದ್ರಿ ಖಾತೆ ಬರೆಯುವ ತನಕ ಅಂಗಡಿಯಲ್ಲಿ ದುಡಿಯುವ ಹೆಂಡತಿಗೆ ಗಂಡ ತಿಂಗಳಿಗೆ 15 ಸಾವಿರ ಪಗಾರ ಕೊಟ್ಟನೆನ್ನಿ. ಆ ಪಗಾರವೂ ಗಂಡನ ವರಮಾನಕ್ಕೇ ಕೂಡುತ್ತದೆ! ತಾಂತ್ರಿಕ ಅಥವಾ ವೃತ್ತಿಯ ಅರ್ಹತೆ ಇದ್ದು, ಆ ವಿದ್ಯೆಯಿಂದಲೇ ಗಳಿಸಿದ್ದಾದರೆ ಮಾತ್ರ ಆಕೆಯದು. ಔಷಧ ಅಂಗಡಿಯಲ್ಲಿ ಕೂತ ಫಾರ್ಮಸಿ ಕಲಿತಾಕೆ ಪಾರು. ಇಪ್ಪತ್ತು ವರ್ಷ ತಕ್ಕಡಿ ಹಿಡಿದಾಕೆಗೆ ಆ ಭಾಗ್ಯವಿಲ್ಲ. ಅದೇ ತಕ್ಕಡಿಯನ್ನು ಪರರ ಅಂಗಡಿಯಲ್ಲಿ ಹಿಡಿದರೆ ಪಗಾರ ಪೂರಾ ಆಕೆಯದೇ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿ ಕಾಯಕ ಮಾಡಿದ ಕಲ್ಯಾಣದ ಪಕ್ಕದಲ್ಲೇ ಕೂತು ಈ ನಿಯಮ ಓದಿದರೆ ಏನೆನ್ನಬೇಕೋ ತಿಳಿಯದು. 1961ರ ಕಾಯ್ದೆ ಹೋಗಿ 2025ರ ಕಾಯ್ದೆ 2026ರ ಏಪ್ರಿಲ್‌ನಿಂದ ಬಂದರೂ ಈ ಗಂಟು ಬಿಚ್ಚಲಿಲ್ಲ. ದಂಪತಿಗಳಿಗೆ ಕೂಡು ರಿಟರ್ನ್ ಬೇಕೆನ್ನುವವರು ಮೊದಲು ಈ ಪಗಾರದ ಬಗ್ಗೆ ದನಿ ಎತ್ತಲಿ.

ಸದ್ಯಕ್ಕೆ, ಮನೆಯಾಕೆಗೆ ತನ್ನದೇ ದುಡಿಮೆ ಇದ್ದರೆ ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ, ಬಿಲ್ ಪುಸ್ತಕ ಆಕೆಯ ಹೆಸರಲ್ಲೇ ಇರಲಿ. ಹೊಸ ಪದ್ಧತಿಯಲ್ಲಿ ವರಮಾನ 4 ಲಕ್ಷ ದಾಟಿದರೆ, ತೆರಿಗೆ ಸೊನ್ನೆ ಇದ್ದರೂ, ರಿಟರ್ನ್ ತುಂಬಲೇಬೇಕು. ನಾಳೆ ಆಕೆ ಇನ್ನೊಂದು ಹೊಲಿಗೆ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ‘ತೋರಸ್ರಿ’ ಅನ್ನುವುದು ಆ ಕಾಗದವನ್ನೇ.