ಹನ್ನೆರಡು ವಾರಗಳ ವ್ರತ

ಮನೆಯಲ್ಲಿ ನಾಯಿಯನ್ನು ಸಾಕಿದವರಿಗೆ ಅದನ್ನು ಪ್ರೀತಿಸುವ ಬಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಅನ್ನ ಹಾಕುವುದು, ಸಂಜೆ ಬೀದಿಯಲ್ಲಿ ತಿರುಗಾಡಿಸುವುದು, ತಲೆ ಸವರಿ ಮುದ್ದಿಸುವುದು ಇವೆಲ್ಲವೂ ತಾವಾಗಿಯೇ ಬರುತ್ತವೆ. ಇವು ಕೊಡುವ ಪ್ರೀತಿಯ ಮಾತಾಯಿತು. ಕೇಳಿದ್ದನ್ನು ಕೊಡದೆ, ಕುಣಿಯಬಯಸಿದಾಗ ಕುಣಿಯಗೊಡದೆ ತೋರಬೇಕಾದ ಪ್ರೀತಿಯೂ ಒಂದುಂಟು. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಾಯಿ ಮನೆಗೆ ಮರಳಿದಾಗ ಬೇಕಾಗುವುದು ಈ ಎರಡನೆಯ ಬಗೆಯ ಪ್ರೀತಿ. ಶಸ್ತ್ರವೈದ್ಯರ ಕೆಲಸ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಅನಂತರದ ಸುಮಾರು 12 ವಾರಗಳ ಕೆಲಸ ಮನೆಯವರದು. ಅದನ್ನು ಒಂದು ವ್ರತವೆಂದೇ ತಿಳಿದು ಹಿಡಿಯುವುದು ಒಳ್ಳೆಯದು. ಏಕೆಂದರೆ ವ್ರತಕ್ಕಿರುವಂತೆ ಇದಕ್ಕೂ ನಿಯಮಗಳುಂಟು, ನಡುವೆ ಭಂಗ ಮಾಡಿದರೆ ಫಲವಿಲ್ಲ.

ಮಂಡಿಯೊಳಗಿನ ಹಗ್ಗ

ನಾಯಿಯ ಹಿಂಗಾಲನ್ನು ಗಮನಿಸಿ ನೋಡಿರಿ. ನಾವು ನಿಂತಾಗ ನಮ್ಮ ಮಂಡಿ ನೆಟ್ಟಗಿರುತ್ತದೆ. ನಾಯಿ ನಿಂತಿದ್ದರೂ ಅದರ ಮಂಡಿ ಬಾಗಿಯೇ ಇರುತ್ತದೆ. ಅಲ್ಲದೆ, ಕೆಳಗಾಲಿನ ಎಲುಬಿನ ಮೇಲ್ತುದಿ ಹಿಂದಕ್ಕೆ ಇಳಿಜಾರಾಗಿದೆ. ಆದುದರಿಂದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಆ ಎಲುಬು ಮುಂದಕ್ಕೆ ಜಾರಲು ಹವಣಿಸುತ್ತದೆ. ಮಂಡಿಯೊಳಗೆ ಕತ್ತರಿಯಂತೆ ಒಂದನ್ನೊಂದು ಹಾದುಹೋಗುವ ಎರಡು ಅಸ್ಥಿರಜ್ಜುಗಳಿವೆ. ಎಲುಬಿಗೆ ಎಲುಬನ್ನು ಬಿಗಿದಿಡುವ ಈ ನಾರಿನ ಪಟ್ಟಿಗಳಲ್ಲಿ ಮುಂದಿನದೇ ಆ ಜಾರುವಿಕೆಯನ್ನು ತಡೆದು ನಿಲ್ಲಿಸುವುದು.

ಆಟದ ಮೈದಾನದಲ್ಲಿ ಮನುಷ್ಯನಿಗೆ ಈ ರಜ್ಜು ಒಂದೇ ಏಟಿಗೆ ಹರಿಯುವುದುಂಟು. ನಾಯಿಯಲ್ಲಿ ಬಹುಮಟ್ಟಿಗೆ ಹಾಗಲ್ಲ. ಬಾವಿಯ ಹಗ್ಗ ಎಳೆಯೆಳೆಯಾಗಿ ಸವೆದು ಒಂದು ದಿನ ತುಂಡಾಗುವಂತೆ, ತಿಂಗಳುಗಟ್ಟಲೆ ಸವೆದ ರಜ್ಜು ಒಂದು ಸಣ್ಣ ನೆಗೆತಕ್ಕೆ ಹರಿದುಹೋಗುತ್ತದೆ. ಲ್ಯಾಬ್ರಡಾರ್, ರಾಟ್‌ವೈಲರ್ ಮೊದಲಾದ ದೊಡ್ಡ ತಳಿಗಳಲ್ಲಿ ಇದು ಹೆಚ್ಚು. ಮೈ ಬೆಳೆದ ನಾಯಿಗಳಲ್ಲಿ ಇನ್ನೂ ಹೆಚ್ಚು. ಕುಳಿತಾಗ ಒಂದು ಕಾಲನ್ನು ಪಕ್ಕಕ್ಕೆ ಚಾಚುವುದು, ಎದ್ದೊಡನೆ ಕುಂಟಿ ಆಮೇಲೆ ಸರಿಹೋದಂತೆ ತೋರುವುದು ಇದರ ಮೊದಲ ಕುರುಹುಗಳು. ಪೊಮರೇನಿಯನ್‌ನಂತಹ ಪುಟ್ಟ ತಳಿಗಳಿಗೆ ಮಂಡಿಚಿಪ್ಪು ತನ್ನ ಜಾಡಿನಿಂದ ಜಾರುವ ಬೇರೊಂದು ತೊಂದರೆ ಸಾಮಾನ್ಯ.

ಚಿಕಿತ್ಸೆಯಲ್ಲಿ ಹಲವು ವಿಧಗಳಿವೆ. ಸಣ್ಣ ನಾಯಿಗಳಿಗೆ ಕೀಲಿನ ಹೊರಗೆ ಗಟ್ಟಿಯಾದ ದಾರವನ್ನು ಬಿಗಿದು ರಜ್ಜುವಿನ ಕೆಲಸವನ್ನು ಅದರಿಂದ ಮಾಡಿಸುವುದುಂಟು. ದೊಡ್ಡ ನಾಯಿಗಳಿಗೆ ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಂ 1993ರಲ್ಲಿ ವಿವರಿಸಿದ ವಿಧಾನವು ಇಂದು ಬಹಳ ಬಳಕೆಯಲ್ಲಿದೆ. ಅದರಲ್ಲಿ ಹರಿದ ರಜ್ಜುವನ್ನು ಮತ್ತೆ ಜೋಡಿಸುವುದಿಲ್ಲ. ಕೆಳಗಾಲಿನ ಎಲುಬಿನ ಮೇಲ್ತುದಿಯನ್ನು ಬಾಗಿದ ಗರಗಸದಿಂದ ಕತ್ತರಿಸಿ, ಇಳಿಜಾರು ತಗ್ಗುವಂತೆ ತಿರುಗಿಸಿ, ಲೋಹದ ಪಟ್ಟಿಯನ್ನಿಟ್ಟು ತಿರುಪು ಮೊಳೆಗಳಿಂದ ಬಂಧಿಸುತ್ತಾರೆ. ಇಳಿಜಾರೇ ಇಲ್ಲವಾದ ಮೇಲೆ ಜಾರುವ ಮಾತೆಲ್ಲಿ? ಆದರೆ ಇದರ ಅರ್ಥವನ್ನು ಮನೆಯವರು ಮರೆಯಬಾರದು. ಕತ್ತರಿಸಿದ ಎಲುಬು ಕೂಡಿಕೊಳ್ಳುವವರೆಗೆ ನಾಯಿಯ ಕಾಲು ನಿಂತಿರುವುದು ಆ ಪಟ್ಟಿ ಮತ್ತು ಕೆಲವು ಮೊಳೆಗಳ ಆಧಾರದ ಮೇಲೆ.

ಮೊದಲ ಎರಡು ವಾರ

ಅರಿವಳಿಕೆಯಿಂದ ಎಚ್ಚೆತ್ತ ನಾಯಿ ಮೊದಲ ರಾತ್ರಿ ಮುಲುಗಬಹುದು, ತೂರಾಡಬಹುದು, ಅನ್ನದ ತಟ್ಟೆಯಿಂದ ಮುಖ ತಿರುಗಿಸಬಹುದು. ಗಾಬರಿಪಡದೆ ಬೆಚ್ಚಗಿನ, ಗದ್ದಲವಿಲ್ಲದ ಮೂಲೆಯಲ್ಲಿ ಮಲಗಿಸಿ, ಸ್ವಲ್ಪ ನೀರು, ಸ್ವಲ್ಪ ಮೆತ್ತನೆಯ ಆಹಾರ ಕೊಟ್ಟರೆ ಸಾಕು. ಮೊದಲ ಮೂರು ದಿನ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ 10ರಿಂದ 15 ನಿಮಿಷ ಮಂಡಿಗೆ ಒತ್ತಿದರೆ ಬಾವು ಇಳಿಯುತ್ತದೆ. ಬಾವು ಜಾರಿ ಪಾದದ ಕಡೆಗೆ ಬಂದರೆ ಅದೊಂದು ಹೊಸ ರೋಗವಲ್ಲ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಕರಗುತ್ತದೆ.

ಹೊಲಿಗೆಗಳನ್ನು ತೆಗೆಯುವುದು 10ರಿಂದ 14 ದಿನಗಳಲ್ಲಿ. ಅಲ್ಲಿಯವರೆಗೆ ಗಾಯವನ್ನು ನೆಕ್ಕಗೊಡಬಾರದು. ನಾಯಿಯ ನಾಲಗೆಯಲ್ಲಿ ಔಷಧವಿದೆಯೆಂಬ ಹಿರಿಯರ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕು. ಹೊಲಿಗೆ ಬಿಚ್ಚಿ ಕೀವಾಗುವುದು ಹೆಚ್ಚಾಗಿ ಆ ನಾಲಗೆಯಿಂದಲೇ. ವೈದ್ಯರು ಕೊಟ್ಟ ಲಾಳಿಕೆಯಾಕಾರದ ಕೊರಳಪಟ್ಟಿಯನ್ನು ನಾಯಿ ಎಷ್ಟೇ ದೈನ್ಯದಿಂದ ನೋಡಿದರೂ ಕಳಚಬೇಡಿರಿ.

ಇನ್ನೊಂದು ಎಚ್ಚರಿಕೆ ಮನೆಯ ಔಷಧದ ಪೆಟ್ಟಿಗೆಗೆ ಸಂಬಂಧಿಸಿದ್ದು. ನಾಯಿ ನರಳುತ್ತಿದೆಯೆಂದು ನಮ್ಮ ತಲೆನೋವಿನ ಮಾತ್ರೆಯನ್ನು ಅರ್ಧ ಮುರಿದು ನುಂಗಿಸುವವರುಂಟು. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪ್ಯಾರಸಿಟಮಾಲ್ ಯಕೃತ್ತಿಗೆ ಕೇಡು. ಪಶುವೈದ್ಯರು ಬರೆದುಕೊಟ್ಟ ಔಷಧ, ಅವರು ಹೇಳಿದ ಅಳತೆ, ಇವೆರಡೇ ಸರಿ. ಆ ಔಷಧದ ನಡುವೆಯೂ ವಾಂತಿಯಾದರೆ, ಮಲ ಕಪ್ಪಾದರೆ, ಕೂಡಲೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ನೆಲವೇ ಶತ್ರು

ನಮ್ಮ ನಗರಗಳ ಮನೆಗಳಲ್ಲಿ ಈ ರೋಗಿಗೆ ದೊಡ್ಡ ಶತ್ರು ನೆಲ. ಗೃಹಿಣಿಯರು ಕನ್ನಡಿಯಂತೆ ಒರೆಸಿಟ್ಟ ಮೊಸಾಯಿಕ್, ಗ್ರಾನೈಟ್, ಕೆಂಪು ಕಾವಿಯ ನೆಲಗಳ ಮೇಲೆ ಮೂರು ಕಾಲಿನ ನಾಯಿ ನಿಲ್ಲುವುದು ಹೇಗೆ? ಒಂದು ಸಲ ಜಾರಿದರೆ ಶಸ್ತ್ರವೈದ್ಯರ ಶ್ರಮವೆಲ್ಲ ಹಾಳಾಗಬಹುದು. ಅದು ಓಡಾಡುವ ದಾರಿಯುದ್ದಕ್ಕೂ ಹಳೆಯ ಜಮಖಾನೆಯನ್ನೋ ತೆಂಗಿನ ನಾರಿನ ಚಾಪೆಯನ್ನೋ ಸರಿಯದಂತೆ ಹಾಸಿರಿ. ಮಹಡಿಯ ಮೆಟ್ಟಿಲಿಗೆ ಅಡ್ಡ ಹಲಗೆಯಿಡಿ. ಸೋಫಾ, ಮಂಚಗಳ ಸುಖವನ್ನು ಸದ್ಯಕ್ಕೆ ಮರೆಸಿರಿ.

ಹೊರಗೆ ಹೋಗುವುದು ಮಲಮೂತ್ರಕ್ಕೆ ಮಾತ್ರ, ಅದೂ ಗಿಡ್ಡವಾದ ಹಗ್ಗದಲ್ಲಿ, ಐದು ನಿಮಿಷ. ಮಡಿಸಿದ ಟವಲನ್ನು ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ ತೂರಿಸಿ ಎರಡು ತುದಿಗಳನ್ನೂ ಎತ್ತಿ ಹಿಡಿದರೆ ಭಾರ ತಗ್ಗುತ್ತದೆ. ಬಹಳಷ್ಟು ನಾಯಿಗಳು ಎರಡು ವಾರಗಳೊಳಗೆ ಬೆರಳ ತುದಿಯನ್ನು ಊರತೊಡಗುತ್ತವೆ. ಆಮೇಲೆ ವೈದ್ಯರ ಅಪ್ಪಣೆ ಪಡೆದು, ವಾರಕ್ಕೆ ಐದು ನಿಮಿಷದಂತೆ ನಡಿಗೆಯನ್ನು ಬೆಳೆಸಬಹುದು. ನಿಧಾನವಾದ ನಡಿಗೆಯೇ ಒಳ್ಳೆಯ ವ್ಯಾಯಾಮ. ಅವಸರದಲ್ಲಿ ನಾಯಿ ನೋಯುವ ಕಾಲನ್ನೆತ್ತಿಕೊಂಡು ಮೂರರಲ್ಲೇ ಓಡಿಬಿಡುತ್ತದೆ.

ತಿರುಗಾಟ ಕಡಿಮೆಯಾದಾಗ ಊಟವೂ ಕಡಿಮೆಯಾಗಬೇಕು. ಕಾಯಿಲೆಯ ಮಗುವಿಗೆಂಬಂತೆ ಅಜ್ಜಿ ತುಪ್ಪದನ್ನವನ್ನೂ, ಮಕ್ಕಳು ಬಿಸ್ಕತ್ತನ್ನೂ ಕದ್ದು ಕೊಡುವ ಮನೆಗಳೇ ಹೆಚ್ಚು. ಆದರೆ ಏರಿದ ಪ್ರತಿಯೊಂದು ಕಿಲೋ ತೂಕವನ್ನೂ ಹೊರಬೇಕಾದದ್ದು ಆ ಮಂಡಿಯೇ. ಅಷ್ಟೇ ಅಲ್ಲ, ಒಂದು ಕಡೆಯ ರಜ್ಜು ಹರಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ಮುಂದೊಂದು ದಿನ ಇನ್ನೊಂದು ಕಡೆಯದೂ ಹರಿಯುತ್ತದೆ. ಮೈಯನ್ನು ಹಗುರವಾಗಿಡುವುದು ಆ ಕಾಲಿಗೂ ರಕ್ಷೆ.

ಪರೀಕ್ಷೆಯ ಕಾಲ

ನೋವಿರುವಷ್ಟು ದಿನ ನಾಯಿ ತಾನೇ ತಾನಾಗಿ ಮಲಗಿರುತ್ತದೆ. ಕಷ್ಟ ಬರುವುದು ಮೂರನೆಯ ನಾಲ್ಕನೆಯ ವಾರದಲ್ಲಿ. ಗಾಯ ಮಾಗಿದೆ, ನೋವು ಇಳಿದಿದೆ, ಕತ್ತರಿಸಿದ ಕೂದಲು ಮತ್ತೆ ಚಿಗುರಿದೆ. ನೋಡುವ ಕಣ್ಣಿಗೆ ನಾಯಿ ಗುಣವಾಗಿದೆ. ಒಳಗಿನ ಎಲುಬು ಮಾತ್ರ ಇನ್ನೂ ಅರ್ಧದಾರಿಯಲ್ಲಿದೆ. ಬಾಗಿಲ ಗಂಟೆ ಬಾರಿಸಿದೊಡನೆ ಅದು ಚಿಮ್ಮಲೆಣಿಸುತ್ತದೆ.

ಇದು ನಾಯಿಯ ಹುಟ್ಟುಗುಣ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ವೀರಗಲ್ಲನ್ನು ಓದುಗರಲ್ಲಿ ಕೆಲವರು ಕಂಡಿರಬಹುದು. ಗಂಗರಸ ಬೂತುಗನು ಮೆಚ್ಚಿ ಮಣಲರನೆಂಬ ವೀರನಿಗಿತ್ತ ಕಾಳಿಯೆಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಮಡಿಯಿತು; ಅದರ ನೆನಪಿಗೆ ನಿಂತ ಕಲ್ಲು ಅದು. ಉತ್ಸಾಹ ಬಂದ ಗಳಿಗೆಯಲ್ಲಿ ತನ್ನ ಮೈಯ ಲೆಕ್ಕ ಇಡದ ಪ್ರಾಣಿ ನಾಯಿ. ಕಾಳಿಯನ್ನು ಹಂದಿಯ ಮೇಲೆ ನುಗ್ಗಿಸಿದ ಗುಣವೇ ನಮ್ಮ ಮನೆಯ ನಾಯಿಯನ್ನು ಅಂಚೆಯವನ ಸದ್ದಿಗೆ ನೆಗೆಸುತ್ತದೆ. ಆದುದರಿಂದ ಅದರ ಮೈಯ ಲೆಕ್ಕವನ್ನು ನಾವೇ ಇಡಬೇಕು.

ಕಟ್ಟಿಹಾಕಿದ ನಾಯಿಗೆ ಬೇಸರ ಕಳೆಯಲು ಉಪಾಯಗಳಿಲ್ಲದೆ ಇಲ್ಲ. ತಿಂಡಿಯ ತುಣುಕುಗಳನ್ನು ಹಳೆಯ ಬಟ್ಟೆಯ ಮಡಿಕೆಗಳಲ್ಲಿ ಬಚ್ಚಿಟ್ಟು ಮೂಸಿ ಹುಡುಕಲು ಬಿಡಬಹುದು. ಮನೆಯವರು ಸರದಿಯಂತೆ ಅದರ ಬಳಿ ಕುಳಿತು ಓದಿಕೊಳ್ಳಬಹುದು. ನಾಯಿಗೆ ಬೇಕಾದುದು ಬಹುಮಟ್ಟಿಗೆ ನಮ್ಮ ಸಾಮೀಪ್ಯವೇ. ಕಾಲೂರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕಾಲನ್ನೆತ್ತಿ ಹಿಡಿದರೆ, ಗಾಯ ಕೆಂಪಾಗಿ ಒಸರಿದರೆ, ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಎಂಟನೆಯ ವಾರದ ಹೊತ್ತಿಗೆ ಎಕ್ಸ್‌ರೇ ತೆಗೆದು ನೋಡುತ್ತಾರೆ. ಎಲುಬು ಕೂಡಿದೆಯೆಂದು ವೈದ್ಯರು ಹೇಳಿದ ಮೇಲೆಯೇ ಹಗ್ಗವನ್ನು ಸಡಿಲಿಸುವ ಮಾತು. ಸೊರಗಿದ ತೊಡೆಯ ಮಾಂಸ ತುಂಬಿ, ನಾಯಿ ಮೊದಲಿನಂತೆ ಓಡಲು ಮತ್ತೆ ಕೆಲವು ತಿಂಗಳು ಬೇಕು. ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಸಾಕಿದವರಿಗೂ ಸಲ್ಲುತ್ತದೆ, ಸಾಕಿದ ಪ್ರಾಣಿಗೂ ಸಲ್ಲುತ್ತದೆ. ತನ್ನನ್ನೇಕೆ ಕಟ್ಟಿದ್ದಾರೆಂಬುದು ನಾಯಿಗೆ ತಿಳಿಯದು. ಆದರೂ ಕಟ್ಟಿದ ಕೈಯನ್ನೇ ಅದು ನೆಕ್ಕುತ್ತದೆ. ಆ ನಂಬಿಕೆಗೆ ತಕ್ಕಂತೆ 12 ವಾರ ನಡೆದುಕೊಳ್ಳುವುದು ನಮ್ಮಿಂದಾಗದ ಕೆಲಸವೇನಲ್ಲ.